ದಡಕ್ಕೊಂದು ಮಗು

ಅವರು ಇದನ್ನು ನನಗೆ ಲಾಂಚಿನ ಮೇಲೆ ಹೇಳಿದರೋ, ದಡದ ಚಾ ಅಂಗಡಿಯ ಬೆಂಚಿನಲ್ಲಿ ಕೂತು ಹೇಳಿದರೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅವರು ನಿಂತಿದ್ದಾರೆ, ಹಿಂದೆ ನೀರಿದೆ, ಕಣ್ಣು ಕುಕ್ಕುವ ಬಿಸಿಲಿದೆ. ಆದರೆ ಅದೇ ನೆನಪಿನಲ್ಲಿ ನನ್ನ ಕೈಯಲ್ಲಿ ಗಾಜಿನ ಲೋಟವೂ ಇದೆ. ಲಾಂಚಿನ ಮೇಲೆ ಚಾ ಸಿಗುತ್ತಿರಲಿಲ್ಲ. ಅವರು ಖಾಕಿ ಅಂಗಿ ಹಾಕಿದ್ದರು ಎಂದು ಆಣೆ ಮಾಡಿ ಹೇಳುತ್ತಿದ್ದೆ. ಎರಡು ತಿಂಗಳ ಹಿಂದೆ ಅವರು ತೀರಿಕೊಂಡ ಸುದ್ದಿಯ ಜೊತೆ ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ನೀಲಿ ಅಂಗಿ ಇತ್ತು. ವಿಚಾರಿಸಿದರೆ, ಅವರು ಖಾಕಿ ಹಾಕಿದ್ದನ್ನು ಯಾರೂ ನೋಡಿಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಹಾಗೇ ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಇಲ್ಲಿ ಆ ಒಬ್ಬನೇ ಸಾಕ್ಷಿ ನಾನು. ಅಂಗಿಯ ಬಣ್ಣದಲ್ಲೇ ಎಡವಿದ್ದೇನೆ. ಓದುವವರು ಇದನ್ನು ಗಮನದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಅವರು ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಕೆಲಸಕ್ಕಿದ್ದರು. ಸಾಗರದ ಕಡೆಯ ದಡದಿಂದ ತುಮರಿ ಕಡೆಯ ದಡಕ್ಕೆ ಬಸ್ಸು, ಕಾರು, ಬೈಕು, ಜನ, ಕೆಲವೊಮ್ಮೆ ಕರುವಿನ ಸಮೇತ ಹಸು, ಎಲ್ಲವನ್ನೂ ದಾಟಿಸುವ ಲಾಂಚು. ಅದನ್ನು ನಡೆಸುವ ಡ್ರೈವರ್ ಬೇರೆ. ಯಾವ ಗಾಡಿ ಎಲ್ಲಿ ನಿಲ್ಲಬೇಕು ಎಂದು ಹೇಳುವುದು, ದಡ ಮುಟ್ಟಿದಾಗ ಹಗ್ಗ ಕಟ್ಟುವುದು, ಹೊರಡುವಾಗ ಬಿಚ್ಚುವುದು ಇವರ ಕೆಲಸ. ನಾನು ಆಚೆ ದಡದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಸೇತುವೆ ಆಗುವ ಮೊದಲು ಆರು ವರ್ಷ, ದಿನಾ ಬೆಳಿಗ್ಗೆ ಸಾಗರದಿಂದ ಬೈಕಿನಲ್ಲಿ ಬಂದು ದಾಟುತ್ತಿದ್ದೆ, ಸಂಜೆ ಮತ್ತೆ ದಾಟುತ್ತಿದ್ದೆ. ಅವರು ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಅಣ್ಣ ಎಂದೇ ಕರೆಯುತ್ತಿದ್ದೆ.

ಲಾಂಚಿನಲ್ಲಿ ಭಾರ ಒಂದೇ ಪಕ್ಕಕ್ಕೆ ಬೀಳಬಾರದು. ಈ ಕಡೆ ಬಸ್ಸು ನಿಂತರೆ ಆ ಕಡೆ ಎರಡು ಕಾರು, ಒಂದು ಜೀಪು. ಅವರು ಇದನ್ನೆಲ್ಲ ಕಣ್ಣಲ್ಲೇ ತೂಗುತ್ತಿದ್ದರು. ಗಾಡಿಯ ಟೈರನ್ನೊಮ್ಮೆ ನೋಡಿ, ಒಳಗಿದ್ದವರನ್ನೊಮ್ಮೆ ನೋಡಿ, ಅಂಗೈಯನ್ನು ಗಾಳಿಯಲ್ಲಿ ಒತ್ತಿ ತೋರಿಸುತ್ತಿದ್ದರು: ಇಷ್ಟು ಬಾ, ಸಾಕು. ಬಾಯಲ್ಲಿ ಯಾವಾಗಲೂ ಒಂದು ಸೀಟಿ. ಊದುವುದು ಕಡಿಮೆ, ಹಲ್ಲಿನಲ್ಲಿ ಕಚ್ಚಿಕೊಂಡಿರುವುದು ಹೆಚ್ಚು.

ಒಂದು ಭಾನುವಾರ ನಡೆದದ್ದು ಚೆನ್ನಾಗಿ ನೆನಪಿದೆ, ಅಥವಾ ಚೆನ್ನಾಗಿ ನೆನಪಿದೆ ಎಂದು ನಂಬಿದ್ದೇನೆ. ಆಚೆ ದಡದ ದೇವಸ್ಥಾನಕ್ಕೆ ಹೋಗುವ ಕಾರುಗಳ ಸಾಲು ಮೇಲಿನ ತಿರುವಿನ ತನಕ ನಿಂತಿತ್ತು. ಒಂದು ಕಾರಿನವನಿಗೂ ಒಬ್ಬ ಜೀಪಿನವನಿಗೂ ಮಾತಿಗೆ ಮಾತು ಬೆಳೆಯಿತು.

"ಬೆಳಿಗ್ಗೆ ಎಂಟಕ್ಕೆ ಬಂದು ನಿಂತಿದೀನ್ರೀ ನಾನು!"

"ಎಂಟಕ್ಕೆ ಬಂದವ ಮಲಗಿದ್ಯಲ್ಲ ಮಾರಾಯ, ಸೀಟು ಹಿಂದೆ ಮಾಡ್ಕೊಂಡು. ನಿನ್ನ ಗೊರಕೆ ಆಚೆ ದಡಕ್ಕೆ ಕೇಳ್ತಿತ್ತು."

ಕಾರಿನವನು ಬಾಗಿಲು ತೆಗೆದು ಇಳಿದ. ಜೀಪಿನವನೂ ಇಳಿದ. ಇಬ್ಬರೂ ಅಣ್ಣನ ಕಡೆ ತಿರುಗಿ, ನೀವೇ ಹೇಳಿ ಯಾರು ಮೊದಲು ಎಂದರು. ಅವರು ಸೀಟಿ ಕಚ್ಚಿಕೊಂಡು, ಇಬ್ಬರಿಗೂ ಬೆನ್ನು ಹಾಕಿ ನೀರು ನೋಡುತ್ತಾ ನಿಂತುಬಿಟ್ಟರು. ಐದು ನಿಮಿಷ ಆಗಿರಬಹುದು. ಜಗಳ ತನ್ನಷ್ಟಕ್ಕೆ ತಣ್ಣಗಾಯಿತು. ಆಮೇಲೆ ತಿರುಗಿ, "ಮುಗೀತಾ? ಮುಗಿದಿದ್ರೆ ಇಬ್ರೂ ಸ್ವಲ್ಪ ಹಿಂದೆ ತಗೊಳ್ಳಿ. ಹಾಲಿನ ಗಾಡಿ ಮೊದ್ಲು," ಎಂದರು.

ದಾಟುವಾಗ ಕೇಳಿದೆ, "ಅಣ್ಣ, ನಿಮಗೆ ಸಿಟ್ಟೇ ಬರಲ್ವಾ?"

"ಬರದೆ ಎಂತ? ಬಾಯಲ್ಲಿ ಸೀಟಿ ಇದ್ರೆ ಬೈಯೋಕಾಗಲ್ಲ ಮೇಷ್ಟ್ರೇ. ಊದಿದ್ರೂ ಬರೀ ಸದ್ದು ಬರ್ತದೆ, ಕೆಟ್ಟ ಮಾತು ಬರಲ್ಲ."

ನಾನು ನಕ್ಕೆ. ಆಗ ನನಗೆ ಆ ಸೀಟಿ ಬೇಕಿತ್ತು.

ನನ್ನ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನಿಗೆ ಆಗ ಹನ್ನೆರಡು, ಚಿಕ್ಕವನಿಗೆ ಒಂಬತ್ತು. ಹಲ್ಲುಜ್ಜುವಲ್ಲಿಂದ ಶುರುವಾದರೆ ಹಾಸಿಗೆಯ ತನಕ ಜಗಳ. ಬಚ್ಚಲಿಗೆ ಮೊದಲು ಯಾರು, ಬೈಕಿನ ಮುಂದೆ ಯಾರು, ದೋಸೆಯಲ್ಲಿ ಗರಿಯಾದದ್ದು ಯಾರಿಗೆ. ಕೋಣೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದರು. ಫ್ಯಾನು ಗೆರೆಯ ಆಚೆ ಇದೆ ಎಂದು ಅದಕ್ಕೂ ಜಗಳ. ಏನೂ ಸಿಗದಿದ್ದರೆ, "ಅಪ್ಪಾ, ಇವ ನನ್ನ ನೋಡ್ತಾ ಇದಾನೆ!" ಎಂಬ ದೂರು. "ನೀ ನನ್ನ ನೋಡದೆ ಇದ್ರೆ ನಾ ನೋಡೋದು ನಿಂಗೆ ಹೆಂಗೆ ಗೊತ್ತಾಯ್ತೋ?" ಎಂಬ ಉತ್ತರ.

ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ನಾನು ಫೋನಿನಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹತ್ತರ ತನಕ ಎಣಿಸಿ ಎಂದಿತ್ತು. ನಾಲ್ಕು ಬರುವುದರೊಳಗೆ ಕೈ ಎತ್ತಿರುತ್ತಿದ್ದೆ. ಒಂದು ಸಂಜೆ ಚಿಕ್ಕವನು ಅಳುತ್ತಾ ಬಂದ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೈಯಲ್ಲಿ ಸ್ಟೀಲಿನ ಸ್ಕೇಲಿತ್ತು. ಏನು ಎತ್ತ ಎಂದು ಕೇಳದೆ ಎದ್ದು ಹೋಗಿ ದೊಡ್ಡವನ ಮುಂಗೈಗೆ ಬಾರಿಸಿದೆ. ಮೂರು ಏಟು ಎಂದು ನನ್ನ ನೆನಪು. ಐದು ಎನ್ನುತ್ತಾಳೆ ಹೆಂಡತಿ. ತಪ್ಪು ಚಿಕ್ಕವನದು ಎಂದು ಆಮೇಲೆ ಗೊತ್ತಾಯಿತು. ದೊಡ್ಡವನು ಅಳಲಿಲ್ಲ. ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೋಗಿ ಗೆರೆಯ ಆ ಕಡೆ ಗೋಡೆಗೆ ಮುಖ ಮಾಡಿ ಕೂತ.

ನನ್ನ ಹೆಂಡತಿ ಹೊಸನಗರದವಳು, ನಾಲ್ಕು ಜನ ಅಣ್ಣ ತಮ್ಮಂದಿರ ನಡುವೆ ಬೆಳೆದವಳು. ಅವಳು ಹೇಳಿದ್ದು ಇಷ್ಟೇ: "ನಿಮಗೆ ಜಗಳ ನಿಲ್ಲಬೇಕಾ, ಸದ್ದು ನಿಲ್ಲಬೇಕಾ? ಅದನ್ನು ಮೊದಲು ತೀರ್ಮಾನ ಮಾಡಿ."

ಮಾರನೇ ದಿನ ಲಾಂಚಿನಲ್ಲಿ ಅಣ್ಣನಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಯಾರು ಶುರು ಮಾಡಿದ್ದು ಅಂತ ಕೇಳಿದ್ರಾ?"

"ಕೇಳಲಿಲ್ಲ."

"ಒಳ್ಳೇದೇ ಆಯ್ತು. ಅದನ್ನ ಕೇಳಲೇಬಾರ್ದು. ಇಬ್ರೂ ಸಾಕ್ಷಿ, ಇಬ್ರೂ ಕಳ್ಳರು. ಆದ್ರೆ ಕೇಳದೆ ಹೊಡೀಲೂ ಬಾರ್ದು. ದೂರ ಮಾಡ್ಬೇಕು. ಒಂದನ್ನ ಆ ತುದಿಗೆ, ಒಂದನ್ನ ಈ ತುದಿಗೆ."

ಅವರು ಹಾಗೆ ಮಾಡುವುದನ್ನು ನೋಡಿದ್ದೆ. ಶಾಲೆಗೆ ಹೋಗುವ ಅಕ್ಕ ತಮ್ಮ ಕಂಬಿಯ ಹತ್ತಿರ ಗುದ್ದಾಡುತ್ತಿದ್ದರೆ, ಅವರು ಒಂದೂ ಮಾತಾಡದೆ ಒಬ್ಬಳನ್ನು ಎತ್ತಿ ಬಸ್ಸಿನ ಮುಂದೆ, ಒಬ್ಬನನ್ನು ಎತ್ತಿ ಜೀಪಿನ ಹಿಂದೆ ನಿಲ್ಲಿಸುತ್ತಿದ್ದರು. "ಲೋಡು ಸಮ ಆಯ್ತು," ಎನ್ನುತ್ತಿದ್ದರು ಆ ಮಕ್ಕಳ ತಾಯಿಗೆ. ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ದಡ ಬರುವಷ್ಟರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹುಡುಕುತ್ತಿದ್ದರು.

"ನಿಮ್ಮ ಮಕ್ಕಳು ಜಗಳ ಆಡ್ತಿದ್ರಾ ಅಣ್ಣ?" ಎಂದೆ.

"ಆಡ್ತಿದ್ರು. ಒಂದೇ ದಿನದಲ್ಲಿ ನಿಲ್ಸಿದೆ."

ಹೇಗೆ ಎಂದು ಕೇಳುವಷ್ಟರಲ್ಲಿ ಸೀಟಿ ಬಾಯಿಗೆ ಹೋಗಿತ್ತು. ಅವರು ಹಗ್ಗದ ಕಡೆ ನಡೆದರು. ನನಗೆ ಅವರ ಬಗ್ಗೆ ಭಕ್ತಿಯೇ ಹುಟ್ಟಿತು ಎನ್ನಬೇಕು. ಯಾವ ದೇವರನ್ನೂ ನಂಬದವನು ನಾನು. ಒಬ್ಬ ಮನುಷ್ಯ ಕೋಪ ಮಾಡಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಯಾವ ಪುರಾವೆಯನ್ನೂ ಕೇಳದೆ ನಂಬಿದೆ.

ಮನೆಯಲ್ಲಿ ದೂರ ಮಾಡಲು ಜಾಗವಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಆ ವರ್ಷ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಒಂದು ಹಾಸ್ಟೆಲಿನ ಅರ್ಜಿ ತಂದೆ. ದೊಡ್ಡವನನ್ನು ಅಲ್ಲಿ ಸೇರಿಸುವುದು, ಇಬ್ಬರಿಗೂ ಒಳ್ಳೆಯದು, ನನ್ನ ಕೈಯಿಂದಲೂ ಅವನು ಪಾರಾಗುತ್ತಾನೆ. ಅರ್ಜಿ ತುಂಬಿ ಬ್ಯಾಗಿನಲ್ಲಿ ಇಟ್ಟುಕೊಂಡವನು ಹೆಮ್ಮೆಯಿಂದಲೇ ಅಣ್ಣನಿಗೆ ತೋರಿಸಿದೆ.

"ನೀವು ಹೇಳಿದ ಹಾಗೆ ಅಣ್ಣ. ಒಂದು ಆ ತುದಿ, ಒಂದು ಈ ತುದಿ."

ಅವರು ಅರ್ಜಿಯನ್ನು ಓದಲಿಲ್ಲ. ಮೂಲೆಗೆ ಅಂಟಿಸಿದ್ದ ನನ್ನ ಮಗನ ಫೋಟೋ ನೋಡಿದರು. ಆಗಲೇ ತಮ್ಮ ಮನೆಯ ವಿಷಯ ಹೇಳಿದ್ದು.

ಅವರಿಗೆ ಒಬ್ಬಳು ಮಗಳು, ಒಬ್ಬ ಮಗ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು ಇದ್ದಾಗಿನ ಮಾತು. ದಸರಾ ರಜೆ. ಹೆಂಡತಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರಿಂದ ಮಕ್ಕಳನ್ನು ಲಾಂಚಿಗೆ ಕರೆತರುತ್ತಿದ್ದರು. ಮಕ್ಕಳು ಇಡೀ ದಿನ ಆಚೆ ಈಚೆ ಓಡಾಡುವ ಲಾಂಚಿನ ಮೇಲೆಯೇ ಇರುತ್ತಿದ್ದವು. ಆ ದಿನ ಹಗ್ಗ ಯಾರು ಎಸೆಯಬೇಕು ಎಂದು ಜಗಳವಾಯಿತು. ತಮ್ಮ ಅಕ್ಕನ ಜಡೆ ಎಳೆದ, ಅಕ್ಕ ಅವನ ಕೈ ಕಚ್ಚಿದಳು, ರಕ್ತ ಬಂತು. ಬಸ್ಸಿನ ಜನವೆಲ್ಲ ನೋಡುತ್ತಿದ್ದರು. ಅವರಿಗೆ ಕೋಪ ನೆತ್ತಿಗೇರಿತು. ಹೊಡೆಯಲಿಲ್ಲ. ತುಮರಿ ಕಡೆಯ ದಡ ಮುಟ್ಟಿದ ಕೂಡಲೇ ಮಗಳ ರಟ್ಟೆ ಹಿಡಿದು ಇಳಿಸಿದರು. "ಇಲ್ಲೇ ಕೂತ್ಕೋ. ಸಿಟ್ಟು ಇಳಿದ ಮೇಲೆ ಬಾ." ಮಗನನ್ನು ಸಾಗರದ ಕಡೆಯ ದಡದಲ್ಲಿ ಚಾ ಅಂಗಡಿಯವಳ ಹತ್ತಿರ ಕೂರಿಸಿದರು. ನಡುವೆ ನೀರು. ನೀರಿನ ಮೇಲೆ ಅಪ್ಪ.

"ಲಾಂಚಿನವ ಅಲ್ದೆ ಬೇರೆ ಯಾರಿಗೆ ಇಂಥ ಬುದ್ಧಿ ಬರ್ತದೆ ಹೇಳಿ," ಎಂದರು.

ಒಂದು ಟ್ರಿಪ್ಪು ಕಳೆದರೆ ಸಾಕಿತ್ತು, ಕರೆದುಕೊಂಡು ಬರುವುದಿತ್ತು. ಆದರೆ ಲಾಂಚಿನ ಎಂಜಿನ್ ಕೆಟ್ಟಿತು. ಅದು ಸರಿಯಾಗುವಷ್ಟರಲ್ಲಿ ಸಂಜೆ. ಹೋಗಿ ನೋಡಿದರೆ ದಡದಲ್ಲಿ ಹುಡುಗಿ ಇಲ್ಲ. ನಾಲ್ಕು ಕಿಲೋಮೀಟರು ನಡೆದು ತನ್ನ ಸೋದರತ್ತೆಯ ಮನೆ ಸೇರಿದ್ದಳು. ಹೀಗೆ ಅವರು ಹೇಳಿದರು. ಎಂಜಿನ್ನಿನ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಇದು ನಿಜವಾಗಿ ನಾನು ಗಮನಿಸಿದ್ದೋ, ಆಮೇಲೆ ಸೇರಿಸಿಕೊಂಡದ್ದೋ, ಗೊತ್ತಿಲ್ಲ.

ಮರುದಿನ ಕರೆಯಲು ಹೋದರು. ಹುಡುಗಿ ಬರುವುದಿಲ್ಲ ಎಂದಳು. ಎರಡು ದಿನ ಇರಲಿ ಬಿಡು ಎಂದರು ಅತ್ತೆ. ಎರಡು ದಿನ ಎರಡು ವಾರವಾಯಿತು. ಶಾಲೆಯನ್ನೂ ಆ ಕಡೆಗೇ ವರ್ಗ ಮಾಡಿಸಿದರು. ಹಬ್ಬಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಮುಂದೆ ಸಾಗರದ ಕಾಲೇಜಿಗೆ ಹೋಗುವಾಗ ಅದೇ ಲಾಂಚಿನಲ್ಲಿ ಮೂರು ವರ್ಷ ದಿನಾ ದಾಟಿದಳು. ಅಪ್ಪ ಕಂಡರೆ ತಲೆ ಬಗ್ಗಿಸುತ್ತಿದ್ದಳು. "ಚೆನ್ನಾಗಿದೀರಾ ಅಪ್ಪ, ಊಟ ಆಯ್ತಾ," ಎನ್ನುತ್ತಿದ್ದಳು.

"ಮೊದ್ಲು ಅಪ್ಪ ಬಾ, ಅಪ್ಪ ಹೋಗು ಅಂತಿತ್ತು ನನ್ನ ಮಗು. ಈಗ ಮರ್ಯಾದೆ ಕೊಡ್ತಾಳೆ," ಎಂದರು. "ತಮ್ಮನ ಜೊತೆ ಅವತ್ತಿಂದ ಇವತ್ತಿನವರೆಗೆ ಒಂದು ಜಗಳ ಇಲ್ಲ ಮೇಷ್ಟ್ರೇ. ಒಂದು ಮಾತೂ ಇಲ್ಲ."

ಇಷ್ಟಾದ ಮೇಲೆ ಅವರು "ಕಳಿಸಬೇಡಿ" ಎಂದರೇ? ಅಂದಿದ್ದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಜೂನಿನಲ್ಲಿ ನಾನು ಮಗನನ್ನು ಕಳಿಸಿದೆ. ಒಂದೋ ಅವರು ಹಾಗೆ ಹೇಳಲೇ ಇಲ್ಲ, ಇಲ್ಲವೇ ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಹಿತವಲ್ಲ. ಅವರದು ಅನಾಹುತ, ಎಂಜಿನ್ ಕೆಟ್ಟದ್ದರಿಂದ ಆದದ್ದು, ನಾನು ಯೋಚಿಸಿ ಮಾಡುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಮನೆ ತಣ್ಣಗಾಯಿತು. ಸೀಮೆಸುಣ್ಣದ ಗೆರೆಯನ್ನು ಹೆಂಡತಿ ಒರೆಸಲಿಲ್ಲ. ನೆಲ ಸಾರಿಸುತ್ತಾ ಸಾರಿಸುತ್ತಾ ಅದೇ ಹೋಯಿತು. ಚಿಕ್ಕವನು ಫ್ಯಾನಿನ ಕೆಳಗೆ ಒಬ್ಬನೇ ಮಲಗುತ್ತಿದ್ದ. ದೊಡ್ಡವನು ಭಾನುವಾರ ಫೋನು ಮಾಡುತ್ತಿದ್ದ. "ಊಟ ಆಯ್ತಾ?" "ಆಯ್ತು." "ಓದ್ತಿದೀಯಾ?" "ಹೂಂ." ತಮ್ಮನಿಗೆ ಕೊಡಲಾ ಎಂದರೆ, "ಬೇಡ, ಹಿಂದೆ ಕ್ಯೂ ಇದೆ," ಎನ್ನುತ್ತಿದ್ದ. ರಜೆಗೆ ಬಂದಾಗ ಅಣ್ಣ ತಮ್ಮ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಿದ್ದರು. ಬಚ್ಚಲಿಗೆ ನೀನು ಹೋಗು ಎನ್ನುತ್ತಿದ್ದರು. ನೆಂಟರು ಮೆಚ್ಚಿಕೊಂಡರು.

ಲಾಂಚಿನ ಅಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಸಾಗರದ ಬಸ್ ನಿಲ್ದಾಣದಲ್ಲಿ. ಸೇತುವೆಯ ಮೇಲೆ ಓಡಾಟ ಶುರುವಾಗಿತ್ತು. ಅವರು ಕಂಬಕ್ಕೊರಗಿ ಕೂತಿದ್ದರು. ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಯಾರೂ ಕೇಳದಿದ್ದರೂ ಅವರ ಕೈ ಎದ್ದಿತ್ತು, ಬಾ, ಬಾ, ಸಾಕು. ಡ್ರೈವರ್ ಇವರನ್ನು ನೋಡುತ್ತಲೂ ಇರಲಿಲ್ಲ.

"ದೊಡ್ಡವ ಹೆಂಗಿದಾನೆ?" ಎಂದರು.

"ಚೆನ್ನಾಗಿದಾನೆ ಅಣ್ಣ. ಜಗಳ ಪೂರ್ತಿ ನಿಂತಿದೆ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹೌದನಾ," ಎಂದರು. ನನ್ನ ಬಸ್ಸಿಗೆ ಹೊತ್ತಾಗಿತ್ತು.

ಅವರು ತೀರಿಕೊಂಡ ಹನ್ನೆರಡನೇ ದಿನದ ಊಟಕ್ಕೆ ಹೋಗಿದ್ದೆ. ಜಗಲಿಯಲ್ಲಿ ಮಗ ಬಂದವರನ್ನು ಕೂರಿಸುತ್ತಿದ್ದ. ಈಗ ಇಪ್ಪತ್ತರ ಮೇಲಿನ ಯುವಕ, ಅಪ್ಪನ ಹಾಗೇ ಅಂಗೈಯಲ್ಲಿ ಜಾಗ ತೋರಿಸುತ್ತಿದ್ದ. ಮಗಳು ಒಳಗೆ ಬಡಿಸುತ್ತಿದ್ದಳು. ಅವಳು ಶಿವಮೊಗ್ಗದಲ್ಲಿ ನರ್ಸ್. ಎಲೆ ಸಾಲದಾದಾಗ ಮಗ ನನ್ನ ಹತ್ತಿರ ಬಂದು ಮೆಲ್ಲಗೆ, "ಸರ್, ಒಳಗೆ ಅವ್ರಿಗೆ ಹೇಳಿ, ಬಾಳೆಲೆ ನಡುಕೋಣೆಯಲ್ಲಿದೆ ಅಂತ," ಎಂದ. ಅವ್ರು ಎಂದರೆ ಅಕ್ಕ. ಅವರಿಬ್ಬರ ನಡುವೆ ಹತ್ತು ಹೆಜ್ಜೆ ದೂರವೂ ಇರಲಿಲ್ಲ.

ಊಟವಾದ ಮೇಲೆ ಕೈ ತೊಳೆಯಲು ನೀರು ಕೊಡುತ್ತಾ ಅವಳೇ ಮಾತಾಡಿಸಿದಳು. "ನೀವು ಹೈಸ್ಕೂಲು ಮೇಷ್ಟ್ರಲ್ವಾ? ಅಪ್ಪ ಹೇಳ್ತಿದ್ರು, ಮಗನ್ನ ಹಾಸ್ಟೆಲಿಗೆ ಹಾಕಿದ್ದು."

ಎಂಜಿನ್ ಕೆಡದಿದ್ದರೆ ನಿಮ್ಮ ಮನೆಯಲ್ಲಿ ಹೀಗಾಗುತ್ತಿರಲಿಲ್ಲ ಎಂದೆ. ಸಾವಿನ ಮನೆಯಲ್ಲಿ ಆಡುವಂಥ ಮಾತಲ್ಲ. ಆಡಿಬಿಟ್ಟೆ.

ಅವಳು ಚೊಂಬು ಕೆಳಗಿಟ್ಟಳು. "ಎಂಜಿನ್ ಎಲ್ಲಿ ಕೆಟ್ಟಿತ್ತು ಸರ್? ಲಾಂಚು ಅವತ್ತು ಮತ್ತೆ ಮೂರು ಸಲ ಬಂತು. ನಾನು ಅಲ್ಲೇ ಗೇರುಮರದ ಕೆಳಗೆ ಕೂತಿದ್ದೆ. ಮೂರು ಸಲವೂ ಅಪ್ಪ ನನ್ನ ನೋಡಿದ್ರು. ಸಿಟ್ಟು ಇಳಿದ ಮೇಲೆ ಬಾ ಅಂದಿದ್ರಲ್ಲ. ನಂದು ಇಳಿದಿತ್ತು. ಅವರದು ಇಳಿದಿದ್ಯಾ ಇಲ್ವಾ ಗೊತ್ತಾಗ್ಲಿಲ್ಲ. ಕರೀತಾರೆ ಅಂತ ಕಾದೆ. ಕೊನೇ ಸಲ ತುಂಬಾ ಹೊತ್ತು ನಿಂತಿತ್ತು ಲಾಂಚು, ಯಾಕೋ ಗೊತ್ತಿಲ್ಲ. ಆಮೇಲೆ ಹೋಯ್ತು. ನಾನೂ ಎದ್ದು ನಡೆದೆ."

ಬೈದಿದ್ದರೆ? ಎಂದೆ.

"ಬೈದಿದ್ರೆ ಓಡಿ ಹೋಗಿ ಹತ್ತುತ್ತಿದ್ದೆ," ಎಂದಳು. ಅಷ್ಟರಲ್ಲಿ ಯಾರೋ ಮಜ್ಜಿಗೆ ಕೇಳಿದರು.

ಮನೆಗೆ ಬರುವ ದಾರಿಯಲ್ಲಿ ಹಳೆಯ ಚಾಳಿಯಂತೆ ಅವಳ ಮಾತನ್ನು ಅನುಮಾನಿಸಿದೆ. ಹತ್ತು ವರ್ಷದ ಮಗುವಿನ ನೆನಪು. ಹದಿನೈದು ವರ್ಷ ಮನಸ್ಸಿನಲ್ಲಿಟ್ಟು ಬೆಳೆಸಿಕೊಂಡ ನೋವು. ಮೂರು ಸಲ ಎಂಬುದು ಒಂದೇ ಸಲ ಇರಬಹುದು. ಅಪ್ಪ ನೋಡದೆಯೂ ಇರಬಹುದು. ಮನೆ ಬಂತು. ಹೆಂಡತಿ ಬಾಗಿಲು ತೆಗೆದಳು. ಅವಳಿಗೆ ಇಷ್ಟೇ ಹೇಳಿದೆ: "ನಾಳೆ ತೀರ್ಥಹಳ್ಳಿಗೆ ಹೋಗೋಣ." ಅವಳು ಒಳಗೆ ಹೋಗಿ ಎರಡನೇ ಹಾಸಿಗೆಯನ್ನು ಬಿಸಿಲಿಗೆ ತೆಗೆದಿಟ್ಟಳು.

ಹಾಸ್ಟೆಲಿನ ಮೆಟ್ಟಿಲ ಹತ್ತಿರ ಮಗನಿಗೆ, "ಮನೆಗೆ ಹೋಗೋಣ, ಪೂರ್ತಿ," ಎಂದೆ. ಅವನು, "ನಾನೇನು ತಪ್ಪು ಮಾಡಿದೆ?" ಎಂದ. ಕಳಿಸುವಾಗ ಅವನು ಕೇಳಬೇಕಿದ್ದ ಪ್ರಶ್ನೆ ಅದು. ಆಗ ಕೇಳಿರಲಿಲ್ಲ, ಅಥವಾ ಕೇಳಿದ್ದು ನನಗೆ ನೆನಪಿಲ್ಲ.

ಅವನು ಬಂದು ಐದು ವಾರವಾಯಿತು. ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಚಾರ್ಜರು ಒಂದೇ ಇದೆ, ಸರದಿಯಲ್ಲಿ ಹಾಕಿಕೊಳ್ಳುತ್ತಾರೆ. ದೋಸೆ ಯಾರಿಗೆ ಮೊದಲು ಬಂದರೂ ಸರಿ. ನಾನು ಉತ್ತರಪತ್ರಿಕೆ ಹಿಡಿದುಕೊಂಡು ಹೊರಗೆ ಕೂತು, ಒಳಗಿನಿಂದ ಒಂದು ಕಿರುಚಾಟ ಬರಲಿ ಎಂದು ಕಾಯುತ್ತೇನೆ. ಇನ್ನೂ ಬಂದಿಲ್ಲ.

ಕಳೆದ ಭಾನುವಾರ ಆನಂದಪುರಕ್ಕೆ ಹೋಗಿದ್ದೆ. ಆಗ ಲಾಂಚು ನಡೆಸುತ್ತಿದ್ದ ಡ್ರೈವರ್ ನಿವೃತ್ತರಾಗಿ ಅಲ್ಲಿದ್ದಾರೆ. ಅಣ್ಣನ ಮಗಳು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಅಣ್ಣ ಮಗಳನ್ನು ದಡದಲ್ಲಿ ಇಳಿಸಿದ ದಿನ ಎಂಜಿನ್ ಕೆಟ್ಟಿತ್ತೇ ಎಂದಷ್ಟೇ ಕೇಳಿದೆ.

"ಯಾರು ಹೇಳಿದ್ದು? ಕೆಟ್ಟಿರ್ಲಿಲ್ಲ," ಎಂದರು. "ಕೊನೇ ಟ್ರಿಪ್ಪಿಗೆ ಆ ದಡದಲ್ಲಿ ಅವನು ನನ್ನ ಹತ್ರ ಬಂದು, ಸ್ವಲ್ಪ ನಿಲ್ಸು ಮಾರಾಯ, ಮಗು ಬರ್ತದೆ ಅಂದ. ನಿಲ್ಸಿದೆ. ಬಸ್ಸಿನವರು ಬಾಯಿಗೆ ಬಂದ ಹಾಗೆ ಬೈದ್ರು ನನಗೆ. ಇವ ಇಳಿಯೋ ಹಲಗೆ ಮೇಲೆ ನಿಂತಿದ್ದ, ಅದು ಮರದ ಕೆಳಗೆ ಕೂತಿತ್ತು. ಕರೀಯೋ ಅಂದೆ. ಈಗ ಬಾಯಿ ತೆಗೆದ್ರೆ ಬೈದುಬಿಡ್ತೀನಿ, ತಾನಾಗಿ ಬರ್ಲಿ ಅಂದ."

ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದೆ. ಅವರು ತಮ್ಮ ವಾಚನ್ನು ನೋಡಿ, ಅದರಲ್ಲೇ ಬರೆದಿರುವ ಹಾಗೆ ಹೇಳಿದರು. ಅಂದು ಸಂಜೆ ಮಗಳಿಗೆ ಫೋನು ಮಾಡಿ, ಡ್ರೈವರ್ ಹೇಳಿದ್ದನ್ನು ತಿಳಿಸದೆ ಅದೇ ಪ್ರಶ್ನೆ ಕೇಳಿದೆ. ಅವಳೂ ಅಷ್ಟೇ ಹೇಳಿದಳು. ಆಮೇಲೆ ಲಾಂಚು ಯಾಕೆ ನಿಂತಿತ್ತು ಎಂದು ಅವಳಿಗೆ ಹೇಳಿದೆ. ಅವಳು ಫೋನು ಇಡಲಿಲ್ಲ.

ಈ ಬರಹದಲ್ಲಿ ಇಬ್ಬರು ಸಾಕ್ಷಿಗಳು ಬೇರೆ ಬೇರೆಯಾಗಿ ಹೇಳಿ, ನಾನು ತಾಳೆ ನೋಡಿರುವುದು ಇದೊಂದನ್ನೇ. ಎಂಜಿನ್ ಸರಿಯಿತ್ತು. ಆ ದಿನದ ಕೊನೆಯ ಟ್ರಿಪ್ಪಿನಲ್ಲಿ ಲಾಂಚು ತುಮರಿ ಕಡೆಯ ದಡದಲ್ಲಿ ಕಾಲು ಗಂಟೆ ಹೆಚ್ಚು ನಿಂತಿತ್ತು.